ಅಗ್ಗದ ಪೋರ್ಟಬಲ್ ಡಿವಿಡಿ ಪ್ಲೇಯರ್ ಇಟ್ಕೊಂಡಿರೋರು ಯಾರಿದ್ದೀರಿ?

ಗಿಳಿಮರಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಅಂತ ಒಂದು ಪೋರ್ಟಬಲ್ ಡಿವಿಡಿ ಪ್ಲೇಯರ್ ತಂದಿದ್ದೇನೆ. ತೀರಾ ಕಡಿಮೆ ಬೆಲೆಯ ಸಾಲಿನದು. ಬೀರುವಿನಲ್ಲಿ ಡಿಸ್ಕ್‌ಗಳ ರಾಶಿಯೇ ಇದೆ. ದೊಡ್ಡ ಪ್ಲೇಯರ್ ಕೆಟ್ಟುಹೋದ ಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ. ಫೋನಿನಲ್ಲಿ ಹಾಕಿಕೊಡುತ್ತೇನೆ ಅಂದರೆ ಅಮ್ಮ ಒಪ್ಪಲ್ಲ. ಮುಚ್ಚಳ ತೆರೆದು, ಡಿಸ್ಕ್ ಇಟ್ಟು, ಒಂದು ಬಟನ್ ಒತ್ತಿದರೆ ಓಡಬೇಕು. ಅವರಿಗೆ ಅಷ್ಟು ಸಾಕು.

ಅಮ್ಮ ಖುಷಿಯಾಗಿದ್ದಾರೆ, ತಲೆನೋವೆಲ್ಲ ನನಗೆ. ಡಬ್ಬದ ಮೇಲೆ ಐದು ಗಂಟೆ ಬ್ಯಾಟರಿ ಅಂತ ಬರೆದಿದೆ, ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಕೈ ಎತ್ತುತ್ತದೆ. ಟಿವಿಗೆ ಜೋಡಿಸಿದರೆ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ. ಕೆಲವು ಡಿಸ್ಕ್‌ಗೆ ‘ನೋ ಡಿಸ್ಕ್’ ಅನ್ನುತ್ತದೆ, ಅದೇ ಡಿಸ್ಕ್ ಇನ್ನೊಂದು ಸಲ ಸರಿಯಾಗಿ ಓಡುತ್ತದೆ. ಪಾತ್ರಗಳ ಮಾತು ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸಿದರೆ ಹಾಡು ಶುರುವಾದಾಗ ಬೆಚ್ಚಿಬೀಳಬೇಕು.

ಇದು ನನಗೆ ಸಿಕ್ಕ ಪೀಸ್‌ನ ದೋಷವೋ, ಈ ಬೆಲೆಗೆ ಇಷ್ಟೇನೋ? ಬಳಸಿದವರು ಹೇಳಿ. ವಾಪಸ್ ಕೊಡೋಕೆ ಇನ್ನೂ ಸಮಯ ಇದೆ.

ವಾದಪ್ರಿಯ

ಈ ಕಾಲದಲ್ಲಿ ಡಿವಿಡಿ ಪ್ಲೇಯರಾ? ಇನ್ನೊಂದಿಷ್ಟು ದುಡ್ಡು ಸೇರಿಸಿದ್ದರೆ ಸಾಧಾರಣ ಟ್ಯಾಬ್ ಬರ್ತಿತ್ತು. ಸ್ಕ್ರೀನ್ ಚೆನ್ನಾಗಿರುತ್ತೆ, ಬ್ಯಾಟರಿ ಜಾಸ್ತಿ ಬರುತ್ತೆ. ವಾಪಸ್ ಕೊಡಿ, ಸುಮ್ನೆ ಯಾಕೆ ಗುದ್ದಾಟ.

ಹಿಂದಿನಸೀಟು

ವಾದಪ್ರಿಯ, ಟ್ಯಾಬ್‌ನೊಳಗೆ ಡಿಸ್ಕ್ ತುರುಕೋಕೆ ಆಗುತ್ತಾ? ಅವರ ಮನೆಯಲ್ಲಿರುವುದು ಡಿಸ್ಕ್‌ಗಳು. ಅದನ್ನು ಮೊದಲು ಓದಿ ಮಾರಾಯ.

ನಮ್ಮ ಮನೆಯಲ್ಲಿ ಎರಡೂ ಇವೆ. ಟ್ಯಾಬ್ ಕೊಟ್ಟರೆ ಮಕ್ಕಳು ಒಂದು ವಿಡಿಯೋ ನೋಡಿ ಹತ್ತಕ್ಕೆ ಹಾರುತ್ತಾರೆ. ಪ್ಲೇಯರ್ ಕೊಟ್ಟರೆ ಹಾಕಿದ ಡಿಸ್ಕ್ ಅಷ್ಟೇ. ಮುಗಿದರೆ ಮುಗಿಯಿತು. ಜಾಹೀರಾತು ಇಲ್ಲ, ನೆಟ್ ಬೇಕಿಲ್ಲ, ಮಧ್ಯದಲ್ಲಿ ಯಾರದೋ ಮೆಸೇಜ್ ಬಂದು ಚಿತ್ರ ಮುಚ್ಚಲ್ಲ. ಉದ್ದ ಪ್ರಯಾಣದಲ್ಲಿ ಸಿಗ್ನಲ್ ಇಲ್ಲದ ಕಡೆಯೂ ಓಡುತ್ತದೆ. ಹಾಗಂತ ಅದು ಚೆನ್ನಾಗಿ ಮಾಡಿದ ವಸ್ತು ಅಂತ ನಾನು ಹೇಳಲ್ಲ. ಪ್ಲಾಸ್ಟಿಕ್ ಕಿರಗುಟ್ಟುತ್ತದೆ, ಬಟನ್‌ಗಳು ಅಲ್ಲಾಡುತ್ತವೆ. ಆದರೂ ಬಿದ್ದರೆ ನನಗೆ ಎದೆ ಧಸಕ್ ಅನ್ನಲ್ಲ, ಅದೇ ದೊಡ್ಡ ಲಾಭ.

ಸೋಲ್ಡರ್‌ಸುಬ್ಬ

ಇಂಥವನ್ನು ಬಿಚ್ಚಿ ನೋಡೋದು ನನ್ನ ಕೆಲಸ. ಗಿಳಿಮರಿ ಅವರೇ, ಆತುರಪಟ್ಟು ವಾಪಸ್ ಕೊಡಬೇಡಿ. ಬೇರೆ ಪೀಸ್ ತಂದರೂ ಇವುಗಳಲ್ಲಿ ಮುಕ್ಕಾಲು ಪಾಲು ತೊಂದರೆ ಹಾಗೇ ಇರುತ್ತವೆ. ಅಗ್ಗದ ಪ್ಲೇಯರ್‌ನಲ್ಲಿ ದುಡ್ಡು ಉಳಿಸುವ ಜಾಗಗಳು ಮೂರೇ: ಸ್ಕ್ರೀನ್, ಬ್ಯಾಟರಿ, ಮತ್ತೆ ಸ್ಕ್ರೀನ್ ತಿರುಗುವ ಕತ್ತು. ಡಿಸ್ಕ್ ಓದುವ ಭಾಗ ದುಬಾರಿ ಪ್ಲೇಯರ್‌ಗಳದ್ದಕ್ಕಿಂತ ಅಂಥ ಕಡಿಮೆ ಏನಲ್ಲ.

ಸ್ಕ್ರೀನ್ ಬಗ್ಗೆ ಹೇಳ್ತೀನಿ. ಡಿವಿಡಿಯ ಒಳಗಿರುವ ಚಿತ್ರ ಪಾಲ್ ಅನ್ನುವ ಟಿವಿ ಪದ್ಧತಿಯಲ್ಲಿ 720×576 ಚುಕ್ಕೆ, ಎನ್‌ಟಿಎಸ್‌ಸಿ ಅನ್ನುವ ಇನ್ನೊಂದರಲ್ಲಿ 720×480. ಅಗ್ಗದ ಏಳಿಂಚಿನ ಪ್ಲೇಯರ್‌ಗಳಲ್ಲಿ ತುಂಬಾ ಕಾಲದಿಂದ ಹಾಕುತ್ತಾ ಬಂದಿರುವ ಪ್ಯಾನೆಲ್ 480×234. ಅಂದರೆ ಡಿಸ್ಕ್‌ನಲ್ಲಿರುವ ಗೆರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕ್ರೀನ್‌ವರೆಗೆ ಬರೋದೇ ಇಲ್ಲ. ಸಬ್‌ಟೈಟಲ್ ಅಕ್ಷರಗಳ ಅಂಚು ಮುರಿದ ಹಾಗೆ ಕಾಣುವುದು ಅದಕ್ಕೇ. ಸ್ವಲ್ಪ ಮೇಲಿನ ಸಾಲಿನಲ್ಲಿ 800×480 ಅಥವಾ 1024×600 ಸಿಗುತ್ತದೆ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಡಬ್ಬದ ಮೇಲೆ ಇಂಚು ದೊಡ್ಡದಾಗಿ ಬರೆದು ಈ ಸಂಖ್ಯೆ ಎಲ್ಲೂ ಕಾಣದಿದ್ದರೆ ಅದು 480×234 ಅಂತಲೇ ಇಟ್ಟುಕೊಳ್ಳಿ.

ಇಂಚಿನಲ್ಲೂ ಆಟ ಇದೆ. ‘12 ಇಂಚಿನ ಪ್ಲೇಯರ್’ ಅಂತ ದಪ್ಪ ಅಕ್ಷರ, ಕೆಳಗೆ ಸಣ್ಣದಾಗಿ ‘10.1 ಇಂಚಿನ ಸ್ಕ್ರೀನ್’. ಅಳೆದಿರೋದು ಸುತ್ತಲಿನ ಪ್ಲಾಸ್ಟಿಕ್ ಸೇರಿಸಿ!

ಅಮ್ಮನ ಮಟ್ಟಿಗೆ ಇನ್ನೊಂದು ವಿಷಯ. ಈ ಪ್ಯಾನೆಲ್‌ಗಳನ್ನು ನೇರವಾಗಿ ನೋಡಿದರೆ ಚೆನ್ನ, ಕೆಳಗಿನಿಂದ ನೋಡಿದರೆ ಬಣ್ಣ ತಲೆಕೆಳಗಾಗುತ್ತದೆ. ಮಲಗಿಕೊಂಡು ನೋಡುವ ಅಭ್ಯಾಸ ಇದ್ದರೆ ಸ್ಕ್ರೀನನ್ನು ಅವರ ಕಣ್ಣಿನ ಕಡೆಗೆ ಬಾಗಿಸಿಡಿ. ಬ್ರೈಟ್‌ನೆಸ್ ಏರಿಸಿ ಪ್ರಯೋಜನ ಇಲ್ಲ.

ಬ್ಯಾಟರಿ ಬಗ್ಗೆ ಆಮೇಲೆ ಬರೀತೀನಿ, ಈಗ ಅಂಗಡಿಯಲ್ಲಿ ಜನ ಇದ್ದಾರೆ.

ಗಿಳಿಮರಿ

ಸುಬ್ಬಣ್ಣ, ಈಗಷ್ಟೇ ಕೈಪಿಡಿ ತೆಗೆದು ನೋಡಿದೆ. 9 ಇಂಚು, 800×480 ಅಂತ ಇದೆ. ಬಚಾವ್. ಅಮ್ಮ ಮಂಚದ ಮೇಲೆ ಒರಗಿಕೊಂಡೇ ನೋಡೋದು. ‘ಮುಖಗಳೆಲ್ಲ ಕಪ್ಪಾಗಿ ಕಾಣುತ್ತೆ’ ಅಂತಿದ್ದರು, ಅದಕ್ಕೂ ಕಾರಣ ಸಿಕ್ಕಿತು.

ಹಿಂದಿನಸೀಟು

ಕತ್ತಿನ ಮಾತು ಬಂತಲ್ಲ, ಅದಕ್ಕೆ ನಂದೂ ಒಂದು. ಸ್ಕ್ರೀನ್ ಒಂದೇ ದಿಕ್ಕಿಗೆ ತಿರುಗೋದು. ಕತ್ತಿನ ಹತ್ತಿರ ಸಣ್ಣ ಬಾಣದ ಗುರುತು ಇರುತ್ತದೆ. ಅದು ಮಕ್ಕಳಿಗೆ ಗೊತ್ತಿಲ್ಲ, ದೊಡ್ಡವರು ನೋಡಲ್ಲ. ತಡೆ ಸಿಕ್ಕಿದ ಮೇಲೂ ಒತ್ತಿ ತಿರುಗಿಸಿದರೆ ಒಳಗಿನ ತೆಳು ವೈರುಗಳಿಗೆ ಪೆಟ್ಟು. ನಮ್ಮ ಹಳೆಯ ಪ್ಲೇಯರ್‌ನಲ್ಲಿ ಶಬ್ದ ಬರುತ್ತಿತ್ತು, ಸ್ಕ್ರೀನ್ ಪೂರಾ ಬಿಳಿ. ಒಂದು ಕೋನಕ್ಕೆ ಹಿಡಿದರೆ ಚಿತ್ರ ಬರುತ್ತಿತ್ತು, ಕೈ ಬಿಟ್ಟರೆ ಹೋಗುತ್ತಿತ್ತು.

ಕಾರಿನಲ್ಲಿ ಬಳಸುವವರು ಮುಂದಿನ ಸೀಟಿನ ಹಿಂದೆ ಪಟ್ಟಿಯಿಂದ ಕಟ್ಟಿ, ಸ್ಕ್ರೀನನ್ನು ಒಮ್ಮೆ ತಿರುಗಿಸಿ ಮಡಚಿ ಹಾಗೇ ಬಿಟ್ಟುಬಿಡಿ. ಪದೇ ಪದೇ ತಿರುಗಿಸುವುದು ಬೇಡ. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಅದನ್ನು ಬಿಟ್ಟು ಹೋಗಲೇಬೇಡಿ. ಬ್ಯಾಟರಿ ಕೆಡೋದೇ ಆ ಬಿಸಿಗೆ. ಗಾಡಿ ಕುಲುಕಿದಾಗ ಚಿತ್ರ ನಿಂತು ಮುಂದೆ ಹೋಗುತ್ತದಾ ಅಂತ ಕೇಳೋರಿಗೆ: ಸಣ್ಣಪುಟ್ಟ ಕುಲುಕಾಟಕ್ಕೆ ಏನೂ ಆಗಲ್ಲ. ಮುಂದಿನ ಕೆಲವು ಕ್ಷಣಗಳ ದೃಶ್ಯವನ್ನು ಅದು ಮೊದಲೇ ಓದಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಗುಂಡಿ ಮೇಲೆ ಗುಂಡಿ ಬಂದರೆ ಮಾತ್ರ ಆ ದಾಸ್ತಾನು ಖಾಲಿಯಾಗಿ ಚಿತ್ರ ನಿಂತುಬಿಡುತ್ತದೆ.

ರಿಮೋಟ್ ಬಗ್ಗೆಯೂ ಎಚ್ಚರ. ಅದರೊಳಗೆ ನಾಣ್ಯದಂಥ ಸಿಆರ್2025 ಸೆಲ್ ಇರುತ್ತದೆ. ಪುಟ್ಟ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಸೆಲ್ ಕೂರುವ ಟ್ರೇ ಉಗುರಿನಲ್ಲಿ ಎಳೆದರೆ ಬರುವಂಥದ್ದು. ನಾನು ಟೇಪ್ ಸುತ್ತಿ ಇಟ್ಟಿದ್ದೇನೆ.

ಸೋಲ್ಡರ್‌ಸುಬ್ಬ

ಹಿಂದಿನಸೀಟು ಹೇಳಿದ ಬಿಳಿ ಸ್ಕ್ರೀನ್ ನನ್ನ ಹತ್ತಿರ ಬರುವ ಮಾಮೂಲಿ ಕೇಸ್. ಸ್ಕ್ರೀನ್ ಹಿಂದಿನ ದೀಪಕ್ಕೆ, ಅಂದರೆ ಬ್ಯಾಕ್‌ಲೈಟ್‌ಗೆ, ಕರೆಂಟ್ ಹೋಗುತ್ತಿರುತ್ತದೆ, ಚಿತ್ರದ ಸಿಗ್ನಲ್ ಹೋಗುತ್ತಿರಲ್ಲ.

ಈಗ ಬ್ಯಾಟರಿ. ಒಳಗೆ ಸಾಮಾನ್ಯವಾಗಿ ಎರಡು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿರುತ್ತಾರೆ, ಒಟ್ಟು 7.4 ವೋಲ್ಟ್. ಮೇಲೆ 2000 ಎಂಎಎಚ್ (ಅಂದರೆ 2 ಆಂಪಿಯರ್ ಅವರ್) ಅಂತ ಇದ್ದರೆ ಲೆಕ್ಕ ಸುಲಭ: 7.4 ಇಂಟು 2, ಸುಮಾರು 15 ವ್ಯಾಟ್ ಅವರ್. ಡಿಸ್ಕ್ ತಿರುಗಿಸುವ ಮೋಟಾರು, ಲೇಸರು, ಬ್ಯಾಕ್‌ಲೈಟು ಎಲ್ಲ ಸೇರಿ 6 ವ್ಯಾಟ್ ತಿಂದರೆ ಎರಡೂವರೆ ಗಂಟೆ. ಐದು ಗಂಟೆ ಎಲ್ಲಿಂದ ಬಂತು ಅಂದರೆ, ಬ್ರೈಟ್‌ನೆಸ್ ತೀರಾ ಇಳಿಸಿ, ಸ್ಕ್ರೀನ್ ಮುಚ್ಚಿ ಹಾಡು ಕೇಳಿದರೆ ಬರಬಹುದೇನೋ. ಹೊಸದರಲ್ಲೇ ಒಂದು ಸಿನಿಮಾ ಪೂರ್ತಿ ಬಂದರೆ ನಿಮ್ಮದು ಸರಿಯಾಗಿದೆ.

ಮನೆಯಲ್ಲಿ ಕೂತು ನೋಡುವಾಗ ಚಾರ್ಜರ್ ಹಾಕಿಯೇ ನೋಡಲಿ. ಆದರೆ ತಿಂಗಳುಗಟ್ಟಲೆ ಹಾಗೇ ಸಿಕ್ಕಿಸಿಟ್ಟರೆ ಬ್ಯಾಟರಿ ಬೇಗ ಹಾಳಾಗುತ್ತದೆ. ನೋಡಿಯಾದ ಮೇಲೆ ಪ್ಲಗ್ ತೆಗೆಯಿರಿ. ತುಂಬಾ ದಿನ ಬಳಸಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ ಎತ್ತಿಡಿ. ಪೂರ್ತಿ ಖಾಲಿ ಮಾಡಿ ಇಟ್ಟ ಪ್ಲೇಯರ್ ಎಷ್ಟೋ ಸಲ ಮತ್ತೆ ಚಾರ್ಜೇ ಆಗಲ್ಲ.

ಪ್ಲೇಯರ್ ಮೇಜಿನ ಮೇಲೆ ಸಮನಾಗಿ ಕೂರದೆ ಅಲ್ಲಾಡಲು ಶುರುವಾದರೆ ತಳ ನೋಡಿ. ಬ್ಯಾಟರಿ ದಿಂಬಿನ ಹಾಗೆ ಉಬ್ಬಿರಬಹುದು. ಆಗ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಿ ಒಳಗೆ ಕೂರಿಸೋಕೆ ಹೋಗಬೇಡಿ. ಬ್ಯಾಟರಿ ತೆಗೆದರೂ ಚಾರ್ಜರಿನಲ್ಲಿ ಓಡುವ ಮಾಡೆಲ್‌ಗಳು ಇವೆ. ಬದಲಿ ಸಿಗದಿದ್ದರೆ ಬ್ಯಾಟರಿ ಇಲ್ಲದೆ ಹಾಗೇ ಓಡಿಸಬಹುದು.

ಚಾರ್ಜರ್ ಕಳೆದರೆ ಮನೆಯಲ್ಲಿರುವ ಯಾವುದೋ ಒಂದನ್ನು ಚುಚ್ಚಬೇಡಿ. ಪಿನ್ ಒಂದೇ ಥರ ಇರುತ್ತದೆ, ಒಳಗಿನ ಕಥೆ ಬೇರೆ. ಕೆಲವು 9 ವೋಲ್ಟ್, ಕೆಲವು 12. ವೋಲ್ಟ್ ತಾಳೆಯಾಗಲೇಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ನಡುವೆ ಚುಕ್ಕೆ, ಸುತ್ತ ಅರ್ಧವೃತ್ತ ಇರುವ ಒಂದು ಗುರುತು ಇರುತ್ತದೆ. ಪ್ಲಸ್ ಒಳಗೋ ಹೊರಗೋ ಅಂತ ಅದು ಹೇಳುತ್ತದೆ. ಅದೂ ಹೊಂದಬೇಕು. ಕಾರಿನಲ್ಲಾದರೆ ಕಾರಿಗೆ ಅಂತ ಮಾಡಿದ ಅಡಾಪ್ಟರೇ ಹಾಕಿ. ಎಂಜಿನ್ ಓಡುವಾಗ ಆ 12 ವೋಲ್ಟ್ 14ರ ಹತ್ತಿರ ಹೋಗುತ್ತದೆ.

ವಾದಪ್ರಿಯ

ಒಂದು ಡಬ್ಬ ಇಟ್ಕೊಳ್ಳೋಕೆ ಇಷ್ಟೊಂದು ಪಾಠ. ನಾನು ಹೇಳಿದ್ದು ಸರಿ ಇತ್ತು ಅಲ್ವಾ?

ಹಳೇಡಬ್ಬ

ವಾದಪ್ರಿಯರೇ, ಟ್ಯಾಬ್‌ನ ಬ್ಯಾಟರಿಯೂ ಲಿಥಿಯಂದೇ, ಪಾಠ ಅದಕ್ಕೂ ಅದೇ.

ನಾನು ಡಿಸ್ಕ್ ಕೂಡಿಡುವವನು. ಡಿವಿಡಿ ಮೊದಲು ಮಾರಾಟಕ್ಕೆ ಬಂದದ್ದು ಜಪಾನ್‌ನಲ್ಲಿ, 1996ರ ನವೆಂಬರ್‌ನಲ್ಲಿ. 1998ಕ್ಕೇ ಪ್ಯಾನಾಸೋನಿಕ್ ಕಂಪನಿ ಎತ್ತಿಕೊಂಡು ಓಡಾಡುವ ಪ್ಲೇಯರ್ ತಂದಿತು, ಡಿವಿಡಿ-ಎಲ್10 ಅಂತ. ಸ್ಕ್ರೀನ್ 5.8 ಇಂಚು. ಆಗ ಅದು ದುಡ್ಡಿದ್ದವರ ಆಟಿಕೆ. ಇವತ್ತು ಅದಕ್ಕಿಂತ ದೊಡ್ಡ ಸ್ಕ್ರೀನಿನದನ್ನು ನಾವು ‘ಅಗ್ಗದ್ದು’ ಅಂತ ಬೈತಾ ಕೂತಿದ್ದೇವೆ.

ಕಪ್ಪು ಬಿಳುಪಿನ ವಿಷಯಕ್ಕೆ ಬರೋಣ. ಎರಡು ಕಡೆ ನೋಡಿ. ಪ್ಲೇಯರ್‌ನ ಸೆಟಪ್ ಮೆನುವಿನಲ್ಲಿ ಟಿವಿ ಟೈಪ್ ಅಂತ ಇರುತ್ತದೆ, ಪಾಲ್, ಎನ್‌ಟಿಎಸ್‌ಸಿ, ಆಟೋ. ನಿಮ್ಮ ಟಿವಿ ಒಂದನ್ನು ನಿರೀಕ್ಷಿಸುತ್ತಾ ಪ್ಲೇಯರ್ ಇನ್ನೊಂದನ್ನು ಕಳಿಸಿದರೆ ಬಣ್ಣ ಹೋಗುತ್ತದೆ, ಇಲ್ಲವೇ ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತದೆ. ಅದು ಸರಿ ಇದ್ದರೆ ಟಿವಿಯ ಹಿಂಬದಿ ನೋಡಿ. ಈಚಿನ ಎಷ್ಟೋ ಟಿವಿಗಳಲ್ಲಿ ಚಿತ್ರಕ್ಕೆ ಅಂತ ಹಳದಿ ತೂತು ಬೇರೆ ಇರಲ್ಲ, ಹಸಿರು ತೂತಿಗೇ ಹಳದಿ ಪಿನ್ನನ್ನೂ ಹಾಕಬೇಕು. ಸುತ್ತ ಅರ್ಧ ಹಸಿರು ಅರ್ಧ ಹಳದಿ ಬಳಿದಿರುತ್ತಾರೆ. ಅಲ್ಲಿಗೆ ಹಾಕಿ, ಟಿವಿಯಲ್ಲಿ ಇನ್‌ಪುಟ್ ‘ಕಾಂಪೊನೆಂಟ್’ ಅಂತ ಆರಿಸಿದರೆ ಚಿತ್ರ ಕಪ್ಪು ಬಿಳುಪು. ‘ಎವಿ’ ಅಂತ ಆರಿಸಿ, ಬಣ್ಣ ಬರುತ್ತದೆ. ನಿಮ್ಮದು ಇದೇ ಇರಬೇಕು ಅಂತ ನನ್ನ ಊಹೆ.

ಇನ್ನೂ ಒಂದು ಕೀಟಲೆ ಇದೆ, ಕೇಬಲ್‌ದು. ಪ್ಲೇಯರ್ ಕಡೆ ಇಯರ್‌ಫೋನ್ ಪಿನ್ನಿನಂಥ 3.5 ಮಿಮೀ ಪಿನ್, ಅದರ ಮೇಲೆ ಮೂರು ಕಪ್ಪು ಉಂಗುರ. ಇನ್ನೊಂದು ತುದಿಯಲ್ಲಿ ಹಳದಿ, ಕೆಂಪು, ಬಿಳಿ. ಒಳಗೆ ಯಾವ ಭಾಗಕ್ಕೆ ಯಾವ ತಂತಿ ಅನ್ನೋದಕ್ಕೆ ಎಲ್ಲರೂ ಒಪ್ಪಿದ ಕಟ್ಟಳೆ ಇಲ್ಲ. ಬೇರೆ ಸಾಧನದ ಕೇಬಲ್ ತಂದು ಹಾಕಿದರೆ ಸ್ಪೀಕರಿನಲ್ಲಿ ಜುಂಯ್ ಅನ್ನುತ್ತದೆ, ಚಿತ್ರ ಇರಲ್ಲ. ಹಾಗಾದಾಗ ಕೆಂಪು ಪಿನ್ನನ್ನು ಹಳದಿ ತೂತಿಗೆ ಹಾಕಿ ನೋಡಿ. ಎಷ್ಟೋ ಸಲ ಚಿತ್ರ ಅಲ್ಲಿಂದ ಬರುತ್ತದೆ. ಬರಲಿಲ್ಲ ಅಂದರೆ ಎಲ್ಲಕ್ಕೂ ಸೇರಿದ ಗ್ರೌಂಡ್ ತಂತಿಯೇ ಅದಲು ಬದಲಾಗಿದೆ, ಬೇರೆ ಕೇಬಲ್ ತನ್ನಿ. ಕೆಲವು ಪ್ಲೇಯರ್‌ನಲ್ಲಿ ಒಂದೇ ತೂತು ಒಳಗೂ ಹೊರಗೂ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಇನ್/ಔಟ್ ಅಂತ ಸ್ವಿಚ್ ಇದ್ದರೆ ಅದು ಔಟ್ ಕಡೆ ಇರಲಿ.

ಗಿಳಿಮರಿ

ಹಸಿರು ತೂತೇ! ಇನ್‌ಪುಟ್ ಎವಿ ಮಾಡಿದ ತಕ್ಷಣ ಬಣ್ಣ ಬಂತು. ಹಳೇಡಬ್ಬ ಸರ್, ತುಂಬಾ ಥ್ಯಾಂಕ್ಸ್.

‘ನೋ ಡಿಸ್ಕ್’ ಒಂದು ಉಳಿಯಿತು, ಮತ್ತೆ ಆ ಶಬ್ದ.

ಸೋಲ್ಡರ್‌ಸುಬ್ಬ

‘ನೋ ಡಿಸ್ಕ್’ ಅಂದ ಕೂಡಲೇ ಎಲ್ಲರೂ ಲೆನ್ಸ್ ಕೆಟ್ಟಿದೆ ಅಂತಾರೆ. ನಿಮ್ಮದು ಹೊಸದು, ಅದೂ ಒಂದು ಸಲ ಓಡುತ್ತದೆ, ಒಂದು ಸಲ ಇಲ್ಲ ಅಂತೀರಿ. ನನಗೆ ಬೇರೆ ಅನುಮಾನ.

ದೊಡ್ಡ ಪ್ಲೇಯರ್‌ನಲ್ಲಿ ಟ್ರೇ ಮೇಲೆ ಡಿಸ್ಕ್ ಇಟ್ಟರೆ ಸಾಕು, ಒಳಗೆ ಅದೇ ಹಿಡಿದುಕೊಳ್ಳುತ್ತದೆ. ಪೋರ್ಟಬಲ್‌ನಲ್ಲಿ ಹಾಗಲ್ಲ. ನಡುವಿನ ಗುಬುಟಿನಲ್ಲಿ ಮೂರು ಪುಟ್ಟ ಸ್ಪ್ರಿಂಗ್ ಹಿಡಿಗಳಿವೆ, ಡಿಸ್ಕನ್ನು ನಡುವೆ ಒತ್ತಿ ‘ಟಕ್’ ಅಂತ ಕೂರಿಸಬೇಕು. ಸುಮ್ನೆ ಮೇಲಿಟ್ಟು ಮುಚ್ಚಳ ಹಾಕಿದರೆ ಡಿಸ್ಕ್ ಓರೆಯಾಗಿ ತಿರುಗುತ್ತದೆ, ಲೆನ್ಸ್‌ಗೆ ಫೋಕಸ್ ಸಿಗಲ್ಲ, ‘ನೋ ಡಿಸ್ಕ್’ ಅನ್ನುತ್ತದೆ. ಡಿಸ್ಕ್ ಕೆಳಗೆ ತಾಗಿ ಗೀರೂ ಬೀಳುತ್ತದೆ. ತೆಗೆಯುವಾಗ ಹೆಬ್ಬೆರಳಿನಿಂದ ಗುಬುಟು ಅದುಮಿ, ಉಳಿದ ಬೆರಳಿನಲ್ಲಿ ಅಂಚು ಎತ್ತಿ. ಅಮ್ಮ ಡಿಸ್ಕ್ ಹಾಕುವುದನ್ನು ಪಕ್ಕದಲ್ಲಿ ನಿಂತು ಒಮ್ಮೆ ನೋಡಿ.

ಅದಲ್ಲ ಅಂದರೆ ಒಂದು ಪರೀಕ್ಷೆ. ಹಾಡಿನ ಸಿಡಿ ಹಾಕಿ. ಸಿಡಿ ಓದಲು 780 ನ್ಯಾನೋಮೀಟರ್ ಲೇಸರ್, ಡಿವಿಡಿಗೆ 650ರದ್ದು, ಎರಡೂ ಬೇರೆ ಬೇರೆ. ಸಿಡಿ ಓಡಿ ಡಿವಿಡಿ ಯಾವುದೂ ಓಡದಿದ್ದರೆ ಡಿವಿಡಿ ಲೇಸರ್ ಸೋತಿದೆ. ಎರಡೂ ಓಡದಿದ್ದರೆ ಲೆನ್ಸ್ ಮೇಲೆ ಧೂಳು, ಇಲ್ಲವೇ ಮುಚ್ಚಳದ ಸಣ್ಣ ಸ್ವಿಚ್ಚು ಕೈಕೊಟ್ಟಿದೆ. ಆ ಸ್ವಿಚ್ಚು ಒತ್ತದ ಹೊರತು ಲೇಸರ್ ಉರಿಯಬಾರದು, ಅದು ಕಣ್ಣಿನ ರಕ್ಷಣೆಗೆ. ಅದಕ್ಕೆ ಕಡ್ಡಿ ಚುಚ್ಚಿ ಮುಚ್ಚಳ ತೆರೆದೇ ಓಡಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಚಿತ್ರ ಎಲ್ಲಿ ನಿಲ್ಲುತ್ತದೆ ಅನ್ನುವುದರಿಂದಲೂ ತಿಳಿಯುತ್ತದೆ. ಡಿಸ್ಕನ್ನು ಒಳಗಿನಿಂದ ಹೊರಗೆ ಓದುತ್ತದೆ. 4.7 ಜಿಬಿಯ ಒಂದು ಪದರದ ಡಿಸ್ಕ್‌ನಲ್ಲಿ ಪ್ರತಿ ಸಲ ಕೊನೆಯ ಭಾಗದಲ್ಲೇ ಚಿತ್ರ ನಿಂತರೆ ಅಂಚಿನಲ್ಲಿ ಬೆರಳಿನ ಗುರುತೋ ಗೀರೋ ಇದೆ. 8.5 ಜಿಬಿಯ ಎರಡು ಪದರದ ಸಿನಿಮಾ ಡಿಸ್ಕ್‌ಗಳು ಹೊರ ಅಂಚು ತಲುಪಿ, ಅಲ್ಲಿಂದ ಎರಡನೇ ಪದರದಲ್ಲಿ ಒಳಗೆ ವಾಪಸ್ ಬರುತ್ತವೆ. ನಡುವೆ ಒಂದು ಕ್ಷಣ ನಿಂತು ಮುಂದುವರಿದರೆ ಅದು ಸಹಜ. ಅಲ್ಲಿಯೇ ಪೂರ್ತಿ ನಿಂತುಹೋದರೆ, ಬೇರೆ ಡಿಸ್ಕ್‌ಗಳಲ್ಲೂ ಹಾಗೇ ಆದರೆ, ಲೇಸರ್ ಬಲ ಕಳೆದುಕೊಳ್ಳುತ್ತಿದೆ.

ಲೆನ್ಸ್ ಒರೆಸುವುದಾದರೆ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದಿಷ್ಟು ತಾಗಿಸಿ, ತೊಟ್ಟಿಕ್ಕಬಾರದು. ಲೆನ್ಸ್ ತಂತಿಗಳ ಮೇಲೆ ತೇಲುತ್ತಿರುತ್ತದೆ. ಭಾರ ಹಾಕದೆ ಸವರಿ. ಬ್ರಷ್ ಇರುವ ಕ್ಲೀನರ್ ಡಿಸ್ಕ್ ನನಗೆ ಇಷ್ಟ ಇಲ್ಲ, ಈ ತೆಳ್ಳಗಿನ ಪ್ಲೇಯರ್‌ಗಳಿಗಂತೂ ಬೇಡವೇ ಬೇಡ.

ವಾದಪ್ರಿಯ

ಗೀರಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ. ಗ್ಯಾರಂಟಿ ಕೆಲಸ ಮಾಡುತ್ತೆ. ಇದನ್ನಾದರೂ ಒಪ್ಪಿಕೊಳ್ಳಿ.

ಹಳೇಡಬ್ಬ

ಅರ್ಧ ಒಪ್ಪುತ್ತೇನೆ. ಮೇಲ್ಮೇಲಿನ ಗೀರಿದ್ದರೆ ಅಂಚು ನುಣುಪಾಗಿ ಬೆಳಕು ಸರಿಯಾಗಿ ಹಾಯುತ್ತದೆ, ಡಿಸ್ಕ್ ಓಡಿಬಿಡುತ್ತದೆ. ಆದರೆ ಪೇಸ್ಟ್‌ನಲ್ಲಿರುವುದು ಉಜ್ಜುವ ಪುಡಿ. ಅದು ಸುತ್ತಲಿನ ಒಳ್ಳೆಯ ಭಾಗವನ್ನೂ ಮಸುಕು ಮಾಡುತ್ತದೆ. ಬೇರೆ ಪ್ರತಿ ಸಿಗದ ಡಿಸ್ಕ್‌ಗೆ ನಾನು ಹಚ್ಚಲ್ಲ.

ಮೊದಲು ಮಾಡಬೇಕಾದ್ದು ಸುಮ್ನೆ ಒರೆಸುವುದು. ಒದ್ದೆ ಮಾಡಿದ ಮೆತ್ತನೆಯ ಬಟ್ಟೆ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಲೂ ತಿರುಗಿಸಿ ಒರೆಸಬಾರದು. ಮಾಹಿತಿ ಸುತ್ತು ಸುತ್ತಾಗಿ ಬರೆದಿರುತ್ತದೆ. ಒಂದು ಸುತ್ತಿನ 0.74 ಮೈಕ್ರಾನ್ ಪಕ್ಕಕ್ಕೆ ಮುಂದಿನ ಸುತ್ತು. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ನುಂಗುತ್ತದೆ, ಅದನ್ನು ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆ ದೊಡ್ಡ ತುಂಡು ನುಂಗುತ್ತದೆ, ಅಲ್ಲಿ ಸೋಲುತ್ತದೆ.

ಗೀರು ಲೇಬಲ್ ಕಡೆ ಇದ್ದರೆ ಡಿವಿಡಿಗೆ ಅಷ್ಟು ಭಯ ಇಲ್ಲ. 0.6 ಮಿಮೀ ದಪ್ಪದ ಎರಡು ಹಾಳೆ ಅಂಟಿಸಿ ಡಿವಿಡಿ ಮಾಡುತ್ತಾರೆ, ಮಾಹಿತಿ ನಡುವೆ ಸುರಕ್ಷಿತವಾಗಿರುತ್ತದೆ. ಸಿಡಿಯಲ್ಲಿ ಮಾಹಿತಿ ಲೇಬಲ್‌ನ ಕೆಳಗೇ ಇರುವುದು. ಅಲ್ಲಿ ಲೇಬಲ್ ಕೆರೆದರೆ ಹಾಡೇ ಹೋಗುತ್ತದೆ.

ಶ್ರುತಿಪೆಟ್ಟಿಗೆ

ಶಬ್ದದ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಬರ್ತೀನಿ. ಸಿನಿಮಾ ಡಿಸ್ಕ್‌ನ ಧ್ವನಿ ಹೆಚ್ಚಿನಂಶ 5.1, ಅಂದರೆ ಆರು ಸ್ಪೀಕರಿಗೆ ಬೇರೆ ಬೇರೆ. ಮಾತೆಲ್ಲ ನಡುವಿನ ಸ್ಪೀಕರಿಗೆ ಅಂತ ಇಟ್ಟಿರುತ್ತಾರೆ. ನಿಮ್ಮ ಪ್ಲೇಯರ್‌ಗೆ ಇರೋದು ಬೆರಳಗಲದ ಎರಡು ಸ್ಪೀಕರ್. ಆರನ್ನೂ ಎರಡಕ್ಕೆ ಹಿಂಡಿದಾಗ ಮಾತು ಕೆಳಗೆ ಬೀಳುತ್ತದೆ, ಗದ್ದಲ ಮೇಲೇಳುತ್ತದೆ.

ಸೆಟಪ್‌ನಲ್ಲಿ ಆಡಿಯೋ ಅಥವಾ ಡಾಲ್ಬಿ ಪುಟಕ್ಕೆ ಹೋಗಿ. ‘ಡೈನಮಿಕ್’ ಅಥವಾ ‘ಡಿಆರ್‌ಸಿ’ ಅಂತ ಏಣಿಯಂಥ ಒಂದು ಪಟ್ಟಿ ಇರುತ್ತದೆ. ಅದನ್ನು ‘ಫುಲ್’ ಮಾಡಿ. ದೊಡ್ಡ ಶಬ್ದ ತಗ್ಗುತ್ತದೆ, ಸಣ್ಣದು ಏಳುತ್ತದೆ. ಸಂಗೀತ ಕೇಳುವಾಗ ನಾನು ಅದನ್ನು ಆಫ್ ಮಾಡುತ್ತೇನೆ, ಹಾಡಿನ ಏರಿಳಿತ ಸತ್ತುಹೋಗುತ್ತದೆ ಅಂತ. ಅಮ್ಮನ ಸಿನಿಮಾಗೆ ಫುಲ್ ಇರಲಿ. ಡಿಸ್ಕ್‌ನ ಮೆನುವಿನಲ್ಲಿ ಎರಡೇ ಸ್ಪೀಕರಿನ 2.0 ಸ್ಟೀರಿಯೋ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿದರೆ ಇನ್ನೂ ಒಳ್ಳೆಯದು.

ಯಾವುದಾದರೂ ಡಿಸ್ಕ್‌ನಲ್ಲಿ ಚಿತ್ರ ಬಂದು ಶಬ್ದವೇ ಇಲ್ಲ ಅಂದರೆ ಗಾಬರಿ ಬೇಡ. ಅದು ಡಿಟಿಎಸ್ ಅನ್ನುವ ಬೇರೆ ಬಗೆಯ ಧ್ವನಿ ಟ್ರ್ಯಾಕ್ ಇರುತ್ತದೆ, ಅಗ್ಗದ ಪ್ಲೇಯರ್‌ಗಳಲ್ಲಿ ಎಷ್ಟೋ ಅದನ್ನು ಬಿಡಿಸಲ್ಲ. ರಿಮೋಟಿನ ಆಡಿಯೋ ಬಟನ್ ಒತ್ತಿ ಡಾಲ್ಬಿಗೆ ಬದಲಾಯಿಸಿ.

ಇಷ್ಟು ಮಾಡಿಯೂ ಸಾಲದಿದ್ದರೆ ಇಯರ್‌ಫೋನ್ ತೂತಿಗೆ ಒಂದು ಸಣ್ಣ ಸ್ಪೀಕರ್ ಹಾಕಿಕೊಡಿ. ಪ್ಲೇಯರ್‌ನ ಸ್ವಂತ ಸ್ಪೀಕರ್‌ನಿಂದ ಅದಕ್ಕಿಂತ ಹೆಚ್ಚು ನಿರೀಕ್ಷೆ ಮಾಡೋದು ಅನ್ಯಾಯ.

ಮಿಣುಕುಹುಳ

ನಡುವೆ ಬಾಯಿ ಹಾಕ್ತೀನಿ. ನಂದರಲ್ಲಿ ಯುಎಸ್‌ಬಿ ತೂತಿದೆ, ಪೆನ್‌ಡ್ರೈವ್ ಹಾಕಿದರೆ ಏನೂ ಕಾಣಲ್ಲ. ಇನ್ನೊಂದರಲ್ಲಿ ಫೈಲ್ ಕಾಣುತ್ತೆ, ‘ಅನ್‌ಸಪೋರ್ಟೆಡ್’ ಅನ್ನುತ್ತೆ. ಡಬ್ಬದ ಮೇಲೆ ಎಂಪಿ4 ಅಂತ ಬರೆದಿದೆ!

ಸೋಲ್ಡರ್‌ಸುಬ್ಬ

ಏನೂ ಕಾಣದ ಪೆನ್‌ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರುತ್ತದೆ. ಇವಕ್ಕೆ ಫ್ಯಾಟ್32 ಬೇಕು. ಒಳಗಿರುವುದನ್ನು ಬೇರೆ ಕಡೆ ಇಟ್ಟುಕೊಂಡು ಫಾರ್ಮ್ಯಾಟ್ ಮಾಡಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ.

ಎಂಪಿ4 ಅನ್ನೋದು ಬರೀ ಹೊರಗಿನ ಲಕೋಟೆ. ಒಳಗೆ ವಿಡಿಯೋ ಕುಗ್ಗಿಸಿರುವ ಬಗೆ ಎಚ್.264 ಅಥವಾ ಎಚ್.265 ಇದ್ದರೆ ಇಂಥ ಚಿಪ್‌ಗಳಲ್ಲಿ ಹೆಚ್ಚಿನವು ಕೈಚೆಲ್ಲುತ್ತವೆ. ಫೋನಿನಲ್ಲಿ ತೆಗೆದ ವಿಡಿಯೋ ಅದೇ ಜಾತಿ. ಕಂಪ್ಯೂಟರಿನಲ್ಲಿ ಎವಿಐ ಲಕೋಟೆಯೊಳಗೆ ಎಕ್ಸ್‌ವಿಡ್ ಬಗೆಯಾಗಿ ಬದಲಾಯಿಸಿ. ಅಗಲ 720 ದಾಟಬಾರದು, ಶಬ್ದ ಎಂಪಿ3 ಇರಲಿ. ಆಗ ಓಡುತ್ತದೆ.

ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇಡಿ. ಬೇರೆ ಲಿಪಿಯ ಹೆಸರು ಚೌಕ ಚೌಕವಾಗಿ ಕಾಣುತ್ತದೆ. ಪೆನ್‌ಡ್ರೈವಿನ ಸಬ್‌ಟೈಟಲ್‌ದೂ ಅದೇ ಪಾಡು. ಡಿಸ್ಕ್‌ನ ಸಬ್‌ಟೈಟಲ್‌ಗೆ ಈ ತೊಂದರೆ ಇಲ್ಲ. ಅಲ್ಲಿ ಅಕ್ಷರಗಳನ್ನು ಚಿತ್ರವಾಗಿಯೇ ಇಟ್ಟಿರುತ್ತಾರೆ, ಹಾಗಾಗಿ ಯಾವ ಲಿಪಿಯಾದರೂ ಬರುತ್ತದೆ.

ಗಿಳಿಮರಿ

ಸುಬ್ಬಣ್ಣ, ನಿಮ್ಮ ಅನುಮಾನ ಸರಿ. ಅಮ್ಮ ಡಿಸ್ಕನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಇಟ್ಟು ಮುಚ್ಚಳ ಹಾಕುತ್ತಾರೆ. ‘ಒತ್ತಿದ್ರೆ ಒಡೆದುಹೋಗಲ್ವೇನೇ?’ ಅಂತ ನನ್ನನ್ನೇ ಗದರಿದರು. ಈಗ ಟಕ್ ಅನ್ನುವ ತನಕ ಒತ್ತುತ್ತಾರೆ, ಆದರೆ ಪ್ರತಿ ಸಲ ಕಣ್ಣು ಮುಚ್ಚಿಕೊಂಡು. ಅಂಗಡಿಯಲ್ಲಿ ಕೊಂಡ ಡಿಸ್ಕ್‌ಗಳೆಲ್ಲ ಓಡುತ್ತಿವೆ. ಡಿಆರ್‌ಸಿ ಫುಲ್ ಮಾಡಿದೆ, ಮಾತು ಕೇಳಿಸುತ್ತಿದೆ.

ಎರಡು ವಿಷಯ ಉಳಿದಿವೆ. ಅಕ್ಕನ ಮದುವೆಯ ಡಿಸ್ಕ್ ಮಾತ್ರ ಏನು ಮಾಡಿದರೂ ‘ನೋ ಡಿಸ್ಕ್’. ಆಮೇಲೆ ಪರದೇಶದಿಂದ ಬಂದ ಒಂದು ಡಿಸ್ಕ್ ‘ರಾಂಗ್ ರೀಜನ್’ ಅನ್ನುತ್ತದೆ.

ಹಳೇಡಬ್ಬ

ರೀಜನ್ ಅಂದರೆ ಲೋಕವನ್ನು ಭಾಗ ಮಾಡಿ ಹಾಕಿದ ಬೀಗ. ಅಮೆರಿಕ, ಕೆನಡಾ 1. ಯುರೋಪ್, ಜಪಾನ್ 2. ಭಾರತ, ರಷ್ಯಾ, ಆಫ್ರಿಕಾದ ಬಹುಪಾಲು 5. ಚೀನಾ 6. ಡಿಸ್ಕ್‌ನ ಡಬ್ಬದ ಹಿಂದೆ ಭೂಗೋಳದ ಗುರುತಿನೊಳಗೆ ಸಂಖ್ಯೆ ಇರುತ್ತದೆ. ‘ಆಲ್’ ಅಂತ ಇದ್ದರೆ ಎಲ್ಲೆಡೆ ಓಡುತ್ತದೆ. ಪ್ಲೇಯರ್‌ನ ತಳದಲ್ಲೂ ಅದೇ ಗುರುತು ನೋಡಿ. ನಿಮ್ಮದು ಬೀಗ ಹಾಕಿದ ಪ್ಲೇಯರ್, ಆ ಡಿಸ್ಕ್ ಅದರಲ್ಲಿ ಓಡಲ್ಲ.

ಮದುವೆ ಡಿಸ್ಕ್‌ನ ಬೆಳ್ಳಿ ಬದಿ ನೋಡಿ. ನೇರಳೆ ಅಥವಾ ನೀಲಿ ಛಾಯೆ ಇದ್ದರೆ ಅದು ಅಚ್ಚು ಹಾಕಿದ್ದಲ್ಲ, ಬರ್ನ್ ಮಾಡಿದ್ದು, ಅಂದರೆ ಖಾಲಿ ಡಿಸ್ಕ್‌ಗೆ ಲೇಸರಿನಿಂದ ಬರೆದದ್ದು. ಬರೆದಾದ ಮೇಲೆ ಡಿಸ್ಕನ್ನು ಮುಗಿಸಿ ಮುಚ್ಚುವ ‘ಫೈನಲೈಸ್’ ಅಂತ ಒಂದು ಕೆಲಸ ಇದೆ. ಅದನ್ನು ಮಾಡದೆ ಬಿಟ್ಟಿದ್ದರೆ ಬರೆದ ಯಂತ್ರದಲ್ಲಿ ಮಾತ್ರ ಓಡುತ್ತದೆ. ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಆಗಿದ್ದರೆ ಬೆಳಕು ಕಮ್ಮಿ ಹಿಂದಿರುಗಿಸುತ್ತದೆ, ಬಡ ಪ್ಲೇಯರ್‌ಗೆ ಕಾಣಲ್ಲ. ಮೊದಲು ಕಂಪ್ಯೂಟರಿನ ಡ್ರೈವ್‌ನಲ್ಲಿ ಹಾಕಿ. ಓದಿದರೆ ಅದೇ ಕೂತ ಕೂತಲ್ಲಿ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಬರೆದದ್ದು ಕೂತಿರುವ ಆ ಬಣ್ಣ ಕಾಲ ಕಳೆದಂತೆ ಮಾಸುತ್ತದೆ, ಬಿಸಿಲಿಗಿಟ್ಟರೆ ಇನ್ನೂ ಬೇಗ. ಆಮೇಲೆ ಒಂದೇ ಸಲ ಬರೆಯುವ ಒಳ್ಳೆಯ ಡಿವಿಡಿ-ಆರ್‌ಗೆ ಕಡಿಮೆ ವೇಗದಲ್ಲಿ ಬರೆದು ಅಮ್ಮನಿಗೆ ಕೊಡಿ. ಮೂಲ ಡಿಸ್ಕ್ ಕತ್ತಲಲ್ಲಿ, ಡಬ್ಬದಲ್ಲಿ ನಿಲ್ಲಿಸಿಡಿ.

ಗಿಳಿಮರಿ

ನೇರಳೆಯೇ ಇದೆ. ಅಣ್ಣನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇದೆ, ಈ ವಾರ ತರಿಸುತ್ತೇನೆ. ಪ್ಲೇಯರ್ ವಾಪಸ್ ಕೊಡಲ್ಲ.

ವಾದಪ್ರಿಯ

ಸರಿ ಬಿಡಿ, ಸೋತೆ. ನಮ್ಮ ಚಿಕ್ಕಪ್ಪ ಒಂದು ಹಳೆಯ ಏಳಿಂಚಿನದನ್ನು ಕೊಡ್ತೀನಿ ಅಂತಿದ್ದಾರೆ. ತಗೋಬಹುದಾ? ನಗಬೇಡಿ.

ಹಿಂದಿನಸೀಟು

😂😂

ಸೋಲ್ಡರ್‌ಸುಬ್ಬ

ನಗಲ್ಲ ಮಾರಾಯ. ಚಿಕ್ಕಪ್ಪನ ಮನೆಗೆ ಹೋಗುವಾಗ ಎರಡು ಪದರದ ಒಂದು ಸಿನಿಮಾ ಡಿಸ್ಕ್ ಜೊತೆಗಿರಲಿ. ಅದನ್ನು ಹಾಕಿ ಕೊನೆಯ ಅಧ್ಯಾಯಗಳಿಗೆ ಹಾರಿ ನೋಡಿ, ಓದುತ್ತದಾ ಅಂತ. ಸ್ಕ್ರೀನನ್ನು ಬಾಣದ ಕಡೆಗೆ ಪೂರ್ತಿ ತಿರುಗಿಸಿ ವಾಪಸ್ ತನ್ನಿ. ನಡುವೆ ಗೆರೆ ಬಂದರೆ, ಬಿಳಿಯಾದರೆ, ಕೈಮುಗಿದು ಬನ್ನಿ. ಮೇಜಿನ ಮೇಲಿಟ್ಟು ನಾಲ್ಕು ಮೂಲೆಯೂ ತಾಗುತ್ತದಾ ನೋಡಿ, ಬ್ಯಾಟರಿ ಉಬ್ಬಿದೆಯಾ ಅಂತ ಗೊತ್ತಾಗುತ್ತದೆ. ಮೂಲ ಚಾರ್ಜರ್ ಕೇಳಿ ಪಡೆದುಕೊಳ್ಳಿ. ರಿಮೋಟ್ ಕಳೆದಿದ್ದರೆ ಸೆಟಪ್ ಬಟನ್ ಪ್ಲೇಯರ್ ಮೈಮೇಲೆ ಇದೆಯಾ ನೋಡಿ. ಇಲ್ಲ ಅಂದರೆ ಟಿವಿ ಟೈಪು, ಡಿಆರ್‌ಸಿ ಯಾವುದನ್ನೂ ಬದಲಾಯಿಸೋಕಾಗಲ್ಲ, ಅಂಥದ್ದು ಬೇಡ.